ಹೆಬ್ಬೆಟ್ಟು ಅಳಿಸಿದ ಮಾತ್ರೆ

ಮಲ್ಲಿಗೆ ಬಿಡಿಸುವುದು ಬೆರಳ ತುದಿಯ ಕೆಲಸ. ಜಿಐ ಟ್ಯಾಗ್ ಪಡೆದ ಹಡಗಲಿ ಮಲ್ಲಿಗೆಯಾದರೂ ಅಷ್ಟೇ, ಬಿಸಿಲೇರಿ ಮೊಗ್ಗು ಅರಳಿದರೆ ಕೇಳುವವರಿಲ್ಲ. ಹಾಗಾಗಿ ಅವ್ವ ನಸುಕಿನಲ್ಲೇ ತೋಟಕ್ಕೆ ಹೋಗುತ್ತಿದ್ದಳು. ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಆಗಿ, ಕೆಪೆಸಿಟಾಬಿನ್ ಎಂಬ ಮಾತ್ರೆ ಶುರುವಾಯಿತು. ಹದಿನಾಲ್ಕು ದಿನ ನುಂಗಬೇಕು, ಏಳು ದಿನ ಬಿಡುವು. ಮನೆಯಲ್ಲೇ ನುಂಗುವ ಕಿಮೊ, ಕೂದಲೂ ಅಷ್ಟಾಗಿ ಉದುರುವುದಿಲ್ಲ ಎಂದಾಗ ನಾವು ನಿರಾಳವಾಗಿದ್ದೆವು.

ಎರಡನೇ ಸುತ್ತು ಮುಗಿಯುವಷ್ಟರಲ್ಲಿ ಅವ್ವನ ಅಂಗೈ ಕಪ್ಪಾಗಿ, ಬಿಗಿದು, ಸಿಪ್ಪೆ ಏಳತೊಡಗಿತು. ‘ಮೆಣಸಿನಕಾಯಿ ಹಿಂಡಿದಂಗ ಉರೀತಾವ ನೋಡು’ ಎನ್ನುತ್ತಿದ್ದಳು. ಆ ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಮೂರು ಸಲ ಒತ್ತಿದರೂ ಯಂತ್ರಕ್ಕೆ ಅವಳ ಹೆಬ್ಬೆಟ್ಟು ತಿಳಿಯಲಿಲ್ಲ. ಕಾರ್ಡಿನಲ್ಲಿ ಇರುವುದು ನಾವಿಬ್ಬರೇ. ನಾನು ದಾವಣಗೆರೆಯ ಹಾಸ್ಟೆಲ್‌ನಲ್ಲಿದ್ದೆ. ಅಕ್ಕಿ ಇಲ್ಲದೆ ವಾಪಸಾದಳು.

ಇದು ನಮ್ಮ ಮನೆಯ ವಿಚಿತ್ರವೇನಲ್ಲ. ಇದೇ ಮಾತ್ರೆ ನುಂಗುತ್ತಿದ್ದ ಸಿಂಗಪುರದ 62 ವರ್ಷದ ವ್ಯಕ್ತಿಯೊಬ್ಬರನ್ನು 2008ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಮಾನ ನಿಲ್ದಾಣದಲ್ಲಿ ನಾಲ್ಕು ಗಂಟೆ ಕೂರಿಸಿಕೊಂಡಿದ್ದರು. ಅವರ ಬೆರಳಚ್ಚು ಮಾಯವಾಗಿತ್ತು! ಅವರಿಗೆ ಚಿಕಿತ್ಸೆ ಕೊಟ್ಟ ವೈದ್ಯರು ಅದನ್ನು 2009ರಲ್ಲಿ ವೈದ್ಯಕೀಯ ಪತ್ರಿಕೆಯೊಂದಕ್ಕೆ ಬರೆದರು. ಅಂಥ ಪ್ರಯಾಣ ಮಾಡುವವರು ವೈದ್ಯರ ಪತ್ರ ಜೊತೆಗಿಟ್ಟುಕೊಳ್ಳಿ ಎಂಬ ಸಲಹೆ ಅಲ್ಲಿಂದಲೇ ಹುಟ್ಟಿದ್ದು. ನಮ್ಮ ತಾಲ್ಲೂಕಿನಲ್ಲಿ ಅಮೆರಿಕಕ್ಕೆ ಹೋಗುವವರು ಎಷ್ಟು ಜನ? ಇಲ್ಲಿ ಆ ಪತ್ರ ಬೇಕಾಗುವುದು ಅಕ್ಕಿಗೆ, ಬ್ಯಾಂಕ್ ಮಿತ್ರರ ಬಳಿ ಪಿಂಚಣಿ ಬಿಡಿಸುವುದಕ್ಕೆ. ಬೆರಳಚ್ಚು ಬೀಳಲಿಲ್ಲ ಎಂಬ ಕಾರಣಕ್ಕೆ ಪಡಿತರ ನಿರಾಕರಿಸಬಾರದು, ಒಟಿಪಿಯಂಥ ಬೇರೆ ದಾರಿಯಲ್ಲಿ ಗುರುತು ಖಚಿತಪಡಿಸಿಕೊಂಡು ಕೊಡಬೇಕು ಎಂದು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಸೂಚಿಸಿದೆ. ವೈದ್ಯರ ಪತ್ರ ಹಿಡಿದು ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ನಾನು ಎರಡು ಸಲ ಅಲೆದೆ. ಮೂರನೇ ಸಲ ಅಕ್ಕಿ ಬಂತು.

ಕೈಕಾಲುಗಳ ಈ ತೊಂದರೆಗೆ ‘ಹ್ಯಾಂಡ್ ಫುಟ್ ಸಿಂಡ್ರೋಮ್’ ಎನ್ನುತ್ತಾರೆ. ಪುಸ್ತಕಗಳಲ್ಲಿ ‘ಚರ್ಮ ಕೆಂಪಾಗುತ್ತದೆ’ ಎಂದಿರುತ್ತದೆ. ನಮ್ಮ ಮೈಬಣ್ಣಕ್ಕೆ ಕೆಂಪು ಕಾಣುವುದಿಲ್ಲ, ಕಾಣುವುದು ಕಪ್ಪು. ಬಿಸಿಲಿಗೆ ಕಪ್ಪಾಗಿದೆ ಬಿಡು ಎಂದು ಸುಮ್ಮನಾಗುವವರೇ ಹೆಚ್ಚು. ಜುಮುಗುಡುವಿಕೆ, ಉರಿ ಶುರುವಾದಾಗಲೇ ಹೇಳಿದರೆ ವೈದ್ಯರು ಕೆಲ ದಿನ ಮಾತ್ರೆ ನಿಲ್ಲಿಸಿ, ಬೇಕಿದ್ದರೆ ಡೋಸ್ ಇಳಿಸಿ ಮತ್ತೆ ಶುರು ಮಾಡುತ್ತಾರೆ. ಬೊಬ್ಬೆ ಒಡೆದು, ನಡೆಯಲಾಗದೆ, ರೋಗಿಯೇ ಬೇಸತ್ತು ಮಾತ್ರೆ ಬಿಟ್ಟರೆ ಕ್ಯಾನ್ಸರ್ ಚಿಕಿತ್ಸೆಯೇ ಅರ್ಧಕ್ಕೆ ನಿಲ್ಲುತ್ತದೆ. ಚರ್ಮದ ವಿಷಯ ಬರೀ ಚರ್ಮದ್ದಲ್ಲ ಅಂತ ನನಗೆ ಅರ್ಥವಾಗಿದ್ದು ಆಗ.

ಅವ್ವನಿಗೆ ಬರೆದುಕೊಟ್ಟದ್ದು ಯೂರಿಯಾ ಇರುವ ಮುಲಾಮು. (ಹೊಲಕ್ಕೆ ಹಾಕುವ ಯೂರಿಯಾನಾ ಎಂದು ಅವಳು ಗಾಬರಿಯಾದಳು, ಹೆಸರು ಒಂದೇ, ಆದರೆ ಇದು ಚರ್ಮ ಮೆತ್ತಗೆ ಮಾಡಲು ಔಷಧಿಯಾಗಿ ತಯಾರಿಸಿದ್ದು.) ಬಿಸಿನೀರಿನಲ್ಲಿ ಪಾತ್ರೆ ತೊಳೆಯುವುದು, ಕುಡುಗೋಲು ಹಿಡಿಯುವುದು, ಬಿಗಿ ಚಪ್ಪಲಿ ಎಲ್ಲ ಬಂದ್. ಅಂಗೈ, ಅಂಗಾಲಿಗೆ ಶಾಖ ಮತ್ತು ಒತ್ತಡ ತಾಗದಂತೆ ನೋಡಿಕೊಳ್ಳಬೇಕು. ಕೊಟ್ಟೂರೇಶ್ವರನ ತೇರಿಗೆ ಬರಿಗಾಲಲ್ಲಿ ಪಾದಯಾತ್ರೆ ಬರುತ್ತೇನೆಂದು ಅವಳು ಹರಕೆ ಹೊತ್ತಿದ್ದಳು. ಈ ವರ್ಷ ಬಸ್ಸಿನಲ್ಲಿ ಹೋಗಿ ಬಂದೆವು, ದೇವರೇನೂ ಸಿಟ್ಟಾದಂತೆ ಕಾಣಲಿಲ್ಲ.

ದೆಹಲಿಯ ಏಮ್ಸ್‌ನಲ್ಲಿ 264 ರೋಗಿಗಳ ಮೇಲೆ ನಡೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಗಿದೆ. ಮೊಣಕಾಲು ನೋವಿಗೆ ಹಚ್ಚುತ್ತೇವಲ್ಲ, ಆ ಡೈಕ್ಲೊಫೆನಾಕ್ ಜೆಲ್ಲನ್ನು ಮೊದಲಿನಿಂದಲೇ ಕೈಗೆ ಹಚ್ಚಿಕೊಂಡವರಲ್ಲಿ ಈ ತೊಂದರೆ ಜೋರಾಗಿದ್ದು ಶೇ 3.8 ಮಂದಿಗೆ. ಔಷಧಿ ಇಲ್ಲದ ಜೆಲ್ ಹಚ್ಚಿದವರಲ್ಲಿ ಶೇ 15. ಕೆಪೆಸಿಟಾಬಿನ್ ಶುರು ಮಾಡುವವರು ಇದನ್ನು ತಮ್ಮ ವೈದ್ಯರ ಬಳಿ ಕೇಳಬಹುದು. ಆದರೆ ಒಡೆದ ಚರ್ಮಕ್ಕೆ ತಾವಾಗಿಯೇ ಹಚ್ಚಿಕೊಳ್ಳುವಂತಿಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯವರು ಇಂಥ ಚಿಕಿತ್ಸೆಗೆ ದಾವಣಗೆರೆ, ಹುಬ್ಬಳ್ಳಿ, ಇಲ್ಲವೇ ಬೆಂಗಳೂರಿನ ಕಿದ್ವಾಯಿಗೆ ಹೋಗುತ್ತಾರೆ. ಚರ್ಮ ಕೆಡುವುದು ಮಾತ್ರ ಊರಿಗೆ ಬಂದ ಮೇಲೆ. ರೇಡಿಯೇಷನ್ ಕೊಟ್ಟ ಜಾಗ ಎರಡು ಮೂರು ವಾರಕ್ಕೆ ಸುಟ್ಟಂತಾಗುತ್ತದೆ, ಚಿಕಿತ್ಸೆ ಮುಗಿದ ಮೇಲೂ ಒಂದೆರಡು ವಾರ ಹೆಚ್ಚಾಗಿ ಆಮೇಲೆ ಇಳಿಯುತ್ತದೆ. ಆಗ ಅರಿಸಿನ, ವಿಭೂತಿ, ಪೌಡರ್ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬೇಕಾದದ್ದು ಉಗುರುಬೆಚ್ಚಗಿನ ನೀರು, ಸೌಮ್ಯವಾದ ಸೋಪು, ಉಜ್ಜದೆ ಒತ್ತಿ ಒರೆಸುವುದು, ಸಡಿಲ ಹತ್ತಿ ಬಟ್ಟೆ, ವೈದ್ಯರು ಬರೆದ ಮುಲಾಮು. ನಮ್ಮ ಏಪ್ರಿಲ್ ಬಿಸಿಲಿಗೆ ಆ ಜಾಗ ಒಡ್ಡುವಂತೆಯೇ ಇಲ್ಲ.

ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಜೆಫಿಟಿನಿಬ್, ಎರ್ಲೊಟಿನಿಬ್ ಮಾತ್ರೆಗಳು ಮುಖದ ತುಂಬ ಮೊಡವೆ ಎಬ್ಬಿಸುತ್ತವೆ. ನಮ್ಮ ವಯಸ್ಸಿನವರು ತಕ್ಷಣ ನಮ್ಮದೇ ಮೊಡವೆ ಕ್ರೀಮ್ ತೆಗೆದು ಕೊಟ್ಟುಬಿಡುತ್ತೇವೆ. ಅದು ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಇದು ಆ ಮೊಡವೆಯೇ ಅಲ್ಲ, ಅಂಟುವುದೂ ಇಲ್ಲ.

ಕಿಮೊ ನಡೆಯುವಾಗ ಸರ್ಪಸುತ್ತು ಬರುವುದೂ ಉಂಟು. ನಮ್ಮ ಕಡೆ ಕೆಮ್ಮಣ್ಣು ಹಚ್ಚುವವರನ್ನು ಹುಡುಕುತ್ತಾರೆ. ಅದು ವೈರಸ್ ಕಾಯಿಲೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದರೆ ಒಳ್ಳೆಯದು. ರೋಗನಿರೋಧಕ ಶಕ್ತಿ ಕುಗ್ಗಿದವರು ಕೆಮ್ಮಣ್ಣು ಮೆತ್ತಿಕೊಂಡು ಆ ಮೂರು ದಿನ ಕಳೆಯುವುದು ಅಪಾಯ. ಅಂಥವರಿಗೆ ಜ್ವರ ಬಂದು, ಚರ್ಮದಲ್ಲಿ ಕೀವಾದರೆ ಬೆಳಗಿನವರೆಗೂ ಕಾಯಬಾರದು.

ಫೋನು ಇರುವ ನಾವು ಮಾಡಬಹುದಾದ ಒಂದು ಕೆಲಸವಿದೆ. ವಾರಕ್ಕೆರಡು ಸಲ ಅವ್ವನ ಅಂಗೈ, ಅಂಗಾಲುಗಳ ಫೋಟೊ ಹಗಲ ಬೆಳಕಿನಲ್ಲಿ ತೆಗೆದಿಡುತ್ತಿದ್ದೆ. ಆಸ್ಪತ್ರೆಯಲ್ಲಿ ಸಿಗುವುದು ಐದು ನಿಮಿಷ, ಅಷ್ಟರಲ್ಲಿ ಅವ್ವ ‘ಆರಾಮ ಅದೀನ್ರಿ’ ಎಂದುಬಿಡುತ್ತಾಳೆ. ವೈದ್ಯರು ಫೋಟೊಗಳನ್ನು ಒಂದೊಂದಾಗಿ ಸರಿಸಿ ನೋಡಿ ಡೋಸ್ ಇಳಿಸಿದರು.

ನಮ್ಮ ಓಣಿಯಲ್ಲೇ ಒಬ್ಬ ಅಜ್ಜಿ ಇದ್ದರು. ಸ್ತನ ಕ್ಯಾನ್ಸರ್ ಗಡ್ಡೆ ಒಡೆದು ಹುಣ್ಣಾಗಿತ್ತು. ವಾಸನೆಗೆ ಯಾರೂ ಹತ್ತಿರ ಹೋಗುತ್ತಿರಲಿಲ್ಲ, ಅವರೂ ಬಾಗಿಲು ಹಾಕಿಕೊಂಡೇ ಇರುತ್ತಿದ್ದರು. ಆ ವಾಸನೆ ಬರುವುದು ಹುಣ್ಣಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾದಿಂದ. ಮೆಟ್ರೊನಿಡಜೋಲ್ ಎಂಬ ಅಗ್ಗದ ಔಷಧಿಯ ಜೆಲ್ ಅಥವಾ ಪುಡಿಯನ್ನು ವೈದ್ಯರು ಹೇಳಿದಂತೆ ಹಾಕಿದರೆ ವಾಸನೆ ಬಹಳಷ್ಟು ಇಳಿಯುತ್ತದೆ. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಇಂಥ ಆರೈಕೆ ಉಚಿತ. ಆದರೆ ಅಜ್ಜಿ ಊರು ಬಿಟ್ಟು ಬರಲು ಒಪ್ಪಲಿಲ್ಲ. ನರ್ಸ್ ಒಬ್ಬರು ಅವರ ಸೊಸೆಗೆ ಬ್ಯಾಂಡೇಜ್ ಕಟ್ಟುವುದನ್ನು ಹೇಳಿಕೊಟ್ಟರು. ಒಂದು ವಾರ ಕಳೆದಿರಬೇಕು, ಆರು ವರ್ಷದ ಮೊಮ್ಮಗ ಮತ್ತೆ ಅಜ್ಜಿಯ ಮಗ್ಗುಲಲ್ಲಿ ಮಲಗತೊಡಗಿದ.