ಹಟ್ಟಿಯ ಡಿಶ್‌ಗಳು ನೋಡುವ ಜಾಗ

ಗಣಿಯೂರು ಹಟ್ಟಿಯ ಮಾಳಿಗೆಗಳ ಮೇಲಿನ ಡಿಶ್‌ಗಳು ಕಣ್ಣಿಟ್ಟಿರುವ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿವೆ. ಹಾಸನದ ಇಸ್ರೊ ಕೇಂದ್ರ ಹಗಲಿರುಳು ಕಾಯುವ ಇನ್ಸಾಟ್, ಜಿಸ್ಯಾಟ್‌ಗಳ ನೆಲೆಯೂ ಅದೇ. ಆ ಜಾಗ ಬರಿದಲ್ಲ. ಬೆಳಕಿನ ವೇಗಕ್ಕೆ ಹತ್ತಿರ ಓಡುವ ಎಲೆಕ್ಟ್ರಾನುಗಳು ಅಲ್ಲಿ ಭೂಮಿಯನ್ನು ಸುತ್ತುತ್ತಿವೆ.

ಇದು ತಿಳಿದದ್ದು 1958ರಲ್ಲಿ. ಅಮೆರಿಕದ ಎಕ್ಸ್‌ಪ್ಲೋರರ್-1ರಲ್ಲಿ ಜೇಮ್ಸ್ ವ್ಯಾನ್ ಅಲೆನ್ ಇಟ್ಟಿದ್ದ ಗೈಗರ್ ಕೌಂಟರ್ ಮೇಲೇರುತ್ತಲೇ ಎಣಿಕೆ ನಿಲ್ಲಿಸಿತು. ಕೆಟ್ಟಿದೆ ಎಂದು ಯಾರಾದರೂ ಕೈಬಿಡುತ್ತಿದ್ದರು. ಶಿಷ್ಯ ಕಾರ್ಲ್ ಮ್ಯಾಕ್‌ಇಲ್ವೇನ್ ಅಂಥದೇ ಕೌಂಟರಿಗೆ ಎಕ್ಸ್-ರೇ ಹಾಯಿಸಿ ನೋಡಿದರು: ಹೊಡೆತ ವಿಪರೀತವಾದಾಗಲೂ ಅದು ಸೊನ್ನೆಯನ್ನೇ ತೋರಿಸುತ್ತಿತ್ತು! ಅಂದರೆ ಮೇಲೆ ಕಣಗಳ ದಟ್ಟ ಪಟ್ಟಿಯೇ ಇತ್ತು.

ಭೂಮಿಯೆಂಬ ಅಯಸ್ಕಾಂತವೇ ಈ ಎಲೆಕ್ಟ್ರಾನುಗಳನ್ನು ಎಳೆದು ಓಡಿಸುತ್ತದೆ ಅನ್ನೋಣವೆಂದರೆ, ನಿಂತ ಕಾಂತಕ್ಷೇತ್ರ ಕಣದ ದಾರಿಯನ್ನು ಬಾಗಿಸೀತೇ ಹೊರತು ಶಕ್ತಿ ಕೊಡದು. ಸೌರಗಾಳಿ ಬಂದು ಅದನ್ನು ಅಲುಗಿಸಬೇಕು. ಆಗ ಹುಟ್ಟುವ ವಿದ್ಯುತ್ ಕ್ಷೇತ್ರವೇ ಕಣವನ್ನು ತಳ್ಳುವುದು. ದೂರದ ಕಣಗಳು ಹೀಗೆ ಒಳಸರಿದು ಬಲಿಯುತ್ತವೆ ಎಂದು ಬಹುಕಾಲ ನಂಬಲಾಗಿತ್ತು. 2012ರಲ್ಲಿ ಹಾರಿದ ಜೋಡಿ ವ್ಯಾನ್ ಅಲೆನ್ ಪ್ರೋಬ್‌ಗಳು ಬೇರೆ ಕಥೆ ಹೇಳಿದವು. ಆ ಅಕ್ಟೋಬರಿನ ಸೌರಬಿರುಗಾಳಿಯಲ್ಲಿ ಎಲೆಕ್ಟ್ರಾನುಗಳು ಪಟ್ಟಿಯ ನಡುವೆಯೇ ಹೆಚ್ಚಿದವು. ಅಲ್ಲಿ ಏಳುವ 'ಕೋರಸ್' ಅಲೆಗಳನ್ನು ಧ್ವನಿಯಾಗಿಸಿ ಕೇಳಿದರೆ ನಸುಕಿನ ಹಕ್ಕಿಗಳ ಚಿಲಿಪಿಲಿಯಂತೆ. ಎಲೆಕ್ಟ್ರಾನು ಸೆಕೆಂಡಿಗೆ ಸಾವಿರಾರು ಬಾರಿ ಗಿರಕಿ ಹೊಡೆಯುತ್ತದೆ. ಅಲೆ ಅದಕ್ಕೆ ತಾಳ ಕೂಡಿತೋ, ನಾಗರಪಂಚಮಿಯ ಜೋಕಾಲಿಯನ್ನು ಹದನೋಡಿ ಜೀಕಿದಂತೆ ಶಕ್ತಿ ಏರುತ್ತಲೇ ಹೋಗುತ್ತದೆ.

ಹಟ್ಟಿಯ ಗಣಿಗೆ ಇಳಿಯುವವರಿಗೆ ಈ ಎಲೆಕ್ಟ್ರಾನುಗಳ ಕಾಟವಿಲ್ಲ, ವಾತಾವರಣವೇ ತಡೆದುಬಿಡುತ್ತದೆ. ಪೆಟ್ಟು ಉಪಗ್ರಹಕ್ಕೆ: ಲೋಹದ ಕವಚ ದಾಟಿ ಒಳಗಿನ ವೈರು, ನಿರೋಧಕಗಳಲ್ಲಿ ವಿದ್ಯುತ್ತು ಕೂಡಿಟ್ಟು, ಕಡೆಗೊಮ್ಮೆ ಕಿಡಿ ಹಾರಿಸುತ್ತವೆ.

ಬೆಂಗಳೂರಿನಲ್ಲಿ ಸಿದ್ಧವಾದ ಸೂರ್ಯವೀಕ್ಷಕ ನೌಕೆ ಆದಿತ್ಯ-ಎಲ್1 2023ರ ಸೆಪ್ಟೆಂಬರಿನಲ್ಲಿ ಹಾರಿತು. ಅದರ 'ಸ್ಟೆಪ್ಸ್' ಉಪಕರಣ 50,000 ಕಿ.ಮೀ. ದಾಟಿದಾಗಲೇ ಭೂಮಿಯ ಸುತ್ತಲಿನ ಕಣಗಳನ್ನು ಅಳೆಯತೊಡಗಿತು. ಈಗ ಆ ನೌಕೆ ಸೂರ್ಯನತ್ತ 15 ಲಕ್ಷ ಕಿ.ಮೀ. ಆಚೆ ಇದೆ. ಅಲ್ಲಿ ಹಾದ ಸೌರಗಾಳಿ ಇಲ್ಲಿ ಮುಟ್ಟಲು ಒಂದು ಗಂಟೆ ಸಾಕು. ಎಲೆಕ್ಟ್ರಾನುಗಳು ಪೂರಾ ಬಲಿಯಲು ಮತ್ತೆ ಒಂದೆರಡು ದಿನ ಬೇಕು. ಬಿರುಗಾಳಿ ತಣ್ಣಗಾಯಿತೆಂದು ಉಪಗ್ರಹ ಕಾಯುವವರು ಅಷ್ಟರಲ್ಲಿ ಮೈಮರೆಯುವಂತಿಲ್ಲ.