ಸಾಕಿದ ಹೆಬ್ಬಾವು ಏನು ತಿನ್ನುತ್ತೆ? ತಿಂಗಳುಗಟ್ಟಲೆ ಉಪವಾಸವಿದ್ದರೂ ಗಾಬರಿ ಯಾಕೆ ಬೇಡ?

ಪುಣೆಯ ಸದಾಶಿವ ಪೇಠೆಯ ಇಕ್ಕಟ್ಟಾದ ಮನೆಯಾಗಲಿ, ಬೆಂಗಳೂರಿನ ಅಪಾರ್ಟ್‌ಮೆಂಟ್ ಆಗಲಿ, ಗಾಜಿನ ಪೆಟ್ಟಿಗೆಯಲ್ಲಿ ಹೆಬ್ಬಾವು ಸಾಕುವ ಆಸೆ ಕೆಲವರಿಗಿದೆ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಬೆಂಗಳೂರು ವಿಮಾನ ನಿಲ್ದಾಣಕ್ಕೆ ಬಂದ ಲಗೇಜ್‌ನಲ್ಲಿ 55 ಬಾಲ್ ಪೈಥಾನ್‌ಗಳು ಸಿಕ್ಕಿದ್ದು ನೆನಪಿರಬಹುದು. ತಂದವರಿಗೆ ಎದುರಾಗುವ ಮೊದಲ ಪ್ರಶ್ನೆ, ಇದಕ್ಕೆ ಊಟ ಏನು?

ಅದಕ್ಕೂ ಮೊದಲು ಕಾನೂನು. ನಮ್ಮ ಕಾಡಿನ ಹೆಬ್ಬಾವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತೆಯೇ ಇಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಚ್ಛೇದದಲ್ಲಿದೆ. ಸಿಕ್ಕಿಬಿದ್ದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು. ಆಫ್ರಿಕಾ ಮೂಲದ ಬಾಲ್ ಪೈಥಾನ್‌ನಂತಹ ವಿದೇಶಿ ಹಾವಿದ್ದರೆ, 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಕಡ್ಡಾಯ. 'ಎಲ್ಲ ಪೇಪರ್ ಇದೆ' ಎನ್ನುವ ಮಾರಾಟಗಾರನ ಮಾತು ನಂಬಿ ಕೂರಬೇಡಿ.

ಕಾಡಿನಲ್ಲಿ ಹೆಬ್ಬಾವು ಬೇಟೆಯನ್ನು ಅಟ್ಟಿಸಿಕೊಂಡು ಹೋಗುವುದು ಕಡಿಮೆ, ಹೊಂಚು ಹಾಕಿ ಕಾಯುವುದೇ ಹೆಚ್ಚು. ತುಟಿಯ ಅಂಚಿನ ಸಣ್ಣ ಕುಳಿಗಳು ಬಿಸಿರಕ್ತದ ಪ್ರಾಣಿಯ ಶಾಖವನ್ನು ಕತ್ತಲಲ್ಲೂ ಗುರುತಿಸುತ್ತವೆ. ನಮ್ಮ ಹೆಬ್ಬಾವಿಗೆ ಇಲಿ, ಮೊಲ, ಹಕ್ಕಿ, ಕೆಲವೊಮ್ಮೆ ಜಿಂಕೆ ಮರಿಯೂ ಆಹಾರ. ಬೇಟೆಯ ಮೂಳೆ ಮುರಿದು ಕೊಲ್ಲುತ್ತದೆ ಎಂಬುದು ತಪ್ಪು ಕಲ್ಪನೆ. ಸುತ್ತಿ ಬಿಗಿದಾಗ ರಕ್ತ ಸಂಚಾರವೇ ನಿಂತು ಪ್ರಾಣಿ ಸಾಯುತ್ತದೆ. ಬಳಿಕ ತಲೆಯ ಕಡೆಯಿಂದ ಇಡಿಯಾಗಿ ನುಂಗುತ್ತದೆ.

ಈ 'ಇಡಿಯಾಗಿ' ಎಂಬುದೇ ಮುಖ್ಯ. ಅಂಗಡಿಯ ಚಿಕನ್ ತುಂಡು ಕೊಟ್ಟರೆ ಮೂಳೆಯ ಕ್ಯಾಲ್ಸಿಯಂ, ಯಕೃತ್ತಿನ ವಿಟಮಿನ್ ಸಿಗುವುದಿಲ್ಲ. ಹಾಲಂತೂ ಹಾವಿನ ಆಹಾರವೇ ಅಲ್ಲ. ಸಾಕಿದ ಬಾಲ್ ಪೈಥಾನ್‌ಗೆ ಇಡೀ ಇಲಿಯೇ ಬೇಕು, ಅದೂ ಹಾವಿನ ಮೈಯ ಅತಿ ದಪ್ಪ ಭಾಗದಷ್ಟು ಗಾತ್ರದ್ದು. ಮರಿಗೆ ವಾರಕ್ಕೊಮ್ಮೆ, ಬೆಳೆದ ಹಾವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಸಾಕು. ಜೀವಂತ ಇಲಿ ಬಿಡುವುದು ಕೆಲವರಿಗೆ ತಮಾಷೆ. ಆದರೆ ಹಸಿವಿಲ್ಲದ ಹಾವನ್ನು ಅದೇ ಇಲಿ ಕಚ್ಚಿ ಗಾಯ ಮಾಡುತ್ತದೆ. ಹೀಗಾಗಿ ಅನುಭವಿಗಳು ಫ್ರೀಜರ್‌ನಲ್ಲಿಟ್ಟ ಸತ್ತ ಇಲಿಯನ್ನು ಪೂರ್ತಿ ಕರಗಿಸಿ, ಬಿಸಿನೀರಿನಲ್ಲಿ ಬೆಚ್ಚಗೆ ಮಾಡಿ, ಉದ್ದದ ಇಕ್ಕಳದಲ್ಲಿ ಹಿಡಿದು ಕೊಡುತ್ತಾರೆ.

ಊಟದ ನಂತರ ಹಾವಿನ ಮೈಯೊಳಗೆ ದೊಡ್ಡ ಕೆಲಸವೇ ನಡೆಯುತ್ತದೆ. ಬರ್ಮಾ ಹೆಬ್ಬಾವಿನಲ್ಲಿ ಎರಡು-ಮೂರು ದಿನದಲ್ಲೇ ಹೃದಯ ಸುಮಾರು ಶೇ.40ರಷ್ಟು ಹಿಗ್ಗುವುದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಜೀರ್ಣವಾಗಲು ಶಾಖ ಬೇಕು, ಪೆಟ್ಟಿಗೆಯ ಒಂದು ಬದಿ 30ರಿಂದ 32 ಡಿಗ್ರಿ ಇರಬೇಕು. ಪುಣೆಯ ಡಿಸೆಂಬರ್ ಚಳಿಯಲ್ಲಿ ಹೀಟರ್ ಇಲ್ಲದೆ ಊಟ ಕೊಟ್ಟರೆ ನುಂಗಿದ್ದು ಜೀರ್ಣವಾಗದೆ ವಾಂತಿಯಾಗಬಹುದು. ತಿಂದ ಎರಡು ದಿನ ಹಾವನ್ನು ಮುಟ್ಟಲೇಬೇಡಿ.

ಇನ್ನು ಉಪವಾಸ. ಬಾಲ್ ಪೈಥಾನ್ ಚಳಿಗಾಲ, ಸಂತಾನ ಕಾಲದಲ್ಲಿ ತಿಂಗಳುಗಟ್ಟಲೆ ಬಾಯಿ ಬಿಡದಿರುವುದುಂಟು. ತೂಕ ಇಳಿಯದಿದ್ದರೆ ಚಿಂತೆಯಿಲ್ಲ. ತೂಕ ಇಳಿಯುತ್ತಿದ್ದರೆ, ಬಾಯಲ್ಲಿ ಲೋಳೆ ಕಂಡರೆ ಸರೀಸೃಪ ಬಲ್ಲ ಪಶುವೈದ್ಯರ ಬಳಿ ಹೋಗಿ. ಬಲವಂತವಾಗಿ ತುರುಕಲು ಹೋಗಬೇಡಿ.

ಹೆಬ್ಬಾವನ್ನು ನೋಡುವ ಆಸೆಯಷ್ಟೇ ಇದ್ದರೆ ಪುಣೆಯವರಿಗೆ ಕಾತ್ರಜ್‌ನ ರಾಜೀವ್ ಗಾಂಧಿ ಪ್ರಾಣಿ ಸಂಗ್ರಹಾಲಯದ ಸರ್ಪೋದ್ಯಾನ ಹತ್ತಿರದಲ್ಲೇ ಇದೆ. ಮನೆಗೇ ಹೆಬ್ಬಾವು ಬಂದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಅದೇ ನಂಬರ್.