ಕಲ್ಲಿಗೆ ಲೇಪ: ನಂಬಿದ್ದೇನು, ನಿಜವೇನು?

ಹಳೆಯ ದೇಗುಲದ ಜೀರ್ಣೋದ್ಧಾರದ ಮಾತೆತ್ತಿದರೆ ಈಗ ‘ನ್ಯಾನೊ ಕೋಟಿಂಗ್’ ಎಂಬ ಅತಿಸೂಕ್ಷ್ಮ ಕಣಗಳ ಲೇಪದ ಹೆಸರು ಕೇಳಿಬರುತ್ತದೆ. ಒಮ್ಮೆ ಬಳಿದರೆ ಕಲ್ಲು ತನ್ನ ಕೊಳೆಯನ್ನು ತಾನೇ ತೊಳೆದುಕೊಳ್ಳುತ್ತದಂತೆ. ಇದರಲ್ಲಿ ಅರ್ಧ ಮಾತ್ರ ನಿಜ.

ತಪ್ಪು ಕಲ್ಪನೆ: ತಾವರೆ ಎಲೆಯಂತೆ ನೀರನ್ನು ಉರುಳಿಸಿಬಿಡುತ್ತದೆ.

ಸತ್ಯ: ಅಂಥ ಲೇಪಗಳೂ ಇವೆ. ಆದರೆ ಹಳೆಯ ಕಲ್ಲಿಗಾಗಿ ಸಾಕಷ್ಟು ಪರೀಕ್ಷೆಗೊಳಗಾಗಿರುವ ಟೈಟಾನಿಯಂ ಡೈಆಕ್ಸೈಡ್ ಮಾಡುವುದು ತದ್ವಿರುದ್ಧ. ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಅದು ಹೊಗೆಯ ಜಿಡ್ಡು, ಪಾಚಿಯಂಥ ಸಾವಯವ ಕೊಳೆಯನ್ನು ಒಡೆಯುತ್ತದೆ. ನೀರನ್ನು ಹನಿಗಟ್ಟಲು ಬಿಡದೆ ತೆಳುವಾಗಿ ಹರಡುತ್ತದೆ. ನೀರನ್ನು ಹರಡುವ ಈ ಗುಣವನ್ನು ಜಪಾನಿನ ವಿಜ್ಞಾನಿಗಳು 1997ರಲ್ಲಿ ಪ್ರಕಟಿಸಿದರು. ಸಡಿಲಗೊಂಡ ಕೊಳೆ ಮಳೆನೀರಿನೊಡನೆ ಜಾರಿಹೋಗುತ್ತದೆ. ಅಂದರೆ ಬಿಸಿಲೂ ಬೇಕು, ಮಳೆಯೂ ಬೇಕು. ಕತ್ತಲ ಗರ್ಭಗುಡಿಯಲ್ಲಿ ಇದಕ್ಕೆ ಕೆಲಸವೇ ಇಲ್ಲ. ವರ್ಷಾನುಗಟ್ಟಲೆ ಕಟ್ಟಿದ ಎಣ್ಣೆಯ ದಪ್ಪ ಪದರಕ್ಕೂ ಸಿಮೆಂಟ್ ಕಲೆಗೂ ಇದು ಮದ್ದಲ್ಲ.

ತಪ್ಪು ಕಲ್ಪನೆ: ನೀರು ಹೋಗದಂತೆ ಕಲ್ಲನ್ನು ಮುಚ್ಚಿಬಿಟ್ಟರೆ ಅದು ಉಳಿಯುತ್ತದೆ.

ಸತ್ಯ: ನಷ್ಟ ಹೆಚ್ಚು ಆಗಿರುವುದು ಈ ನಂಬಿಕೆಯಿಂದಲೇ. ನೀರು ಮೇಲಿನಿಂದಷ್ಟೇ ಬರುವುದಿಲ್ಲ, ನೆಲದಿಂದಲೂ ಉಪ್ಪನ್ನು ಕರಗಿಸಿಕೊಂಡು ಏರುತ್ತದೆ. ಆವಿಯಾಗಿ ಹೊರಹೋಗಲು ದಾರಿಯಿಲ್ಲದಿದ್ದರೆ ಉಪ್ಪು ಲೇಪದ ಹಿಂದೆಯೇ ಹರಳುಗಟ್ಟಿ ಕಲ್ಲಿನ ಮೈಯನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಿನಂಥ ಸೂಕ್ಷ್ಮ ರಂಧ್ರಗಳ ಕಲ್ಲಿನಲ್ಲಿ ಈ ಭಯ ಹೆಚ್ಚು. ಗಟ್ಟಿ ಗ್ರಾನೈಟಿಗೂ ಉಪ್ಪಿನಿಂದ ಬಿಡುಗಡೆಯಿಲ್ಲ. ಈಜಿಪ್ಟಿನಿಂದ ನ್ಯೂಯಾರ್ಕಿಗೆ ಸಾಗಿಸಿದ ಗ್ರಾನೈಟ್ ಕಂಬ ‘ಕ್ಲಿಯೋಪಾತ್ರಳ ಸೂಜಿ’ಯಲ್ಲಿ ಉಪ್ಪು ಆಗಲೇ ಸೇರಿಕೊಂಡಿತ್ತು. 1885ರಲ್ಲಿ ಅದನ್ನು ಕಾಯಿಸಿ, ಪ್ಯಾರಾಫಿನ್ ಮೇಣ ಕುಡಿಸಿದರು. ಆ ಕೆಲಸದಲ್ಲೇ ನೂರಾರು ಪೌಂಡ್ ಸಡಿಲ ಚಕ್ಕೆಗಳನ್ನು ಕಿತ್ತರು, ಜೊತೆಗೆ ಕೆತ್ತನೆಯೂ ಹೋಯಿತು. ರಕ್ಷಣೆ ಎಂದರೆ ಇದೇನಾ!

ತಪ್ಪು ಕಲ್ಪನೆ: ಬಣ್ಣವಿಲ್ಲದ ಲೇಪ, ಹಚ್ಚಿದರೆ ಕಲ್ಲು ಗಟ್ಟಿಯೂ ಆಗುತ್ತದೆ.

ಸತ್ಯ: ಪುಡಿಯಾಗುತ್ತಿರುವ ಕಲ್ಲನ್ನು ಗಟ್ಟಿಮಾಡುವುದು ಬೇರೆಯೇ ಚಿಕಿತ್ಸೆ, ಅದಕ್ಕೆ ಈಥೈಲ್ ಸಿಲಿಕೇಟ್‌ನಂಥ ರಾಸಾಯನಿಕ ಬಳಸುತ್ತಾರೆ. ಟೈಟಾನಿಯಂ ಡೈಆಕ್ಸೈಡ್ ಬಿಳಿ ಪೇಂಟಿಗೂ ಬೆರೆಸುವ ವಸ್ತು. ದಪ್ಪಗೆ ಹಚ್ಚಿದರೆ ಬೇಲೂರಿನ ಬಳಪದ ಕಲ್ಲಿನಂಥ ಕಡುಬಣ್ಣದ ಮೇಲೆ ಬೂದುಬಿಳಿ ಮಬ್ಬು ಎದ್ದು ಕಾಣುತ್ತದೆ. ಅದನ್ನು ಕಲ್ಲಿಗೆ ಅಂಟಿಸಲು ಬೆರೆಸಿದ ಸಾವಯವ ರಾಳವನ್ನೂ ಅದು ಬಿಸಿಲಿನಲ್ಲಿ ತಿಂದುಹಾಕಬಲ್ಲದು.

ಊರ ದೇಗುಲಕ್ಕೆ ಏನನ್ನಾದರೂ ಬಳಿಯುವ ಮೊದಲು ಸೋರುವ ಮಾಳಿಗೆ ಸರಿಪಡಿಸಿ, ಬುಡದಲ್ಲಿ ನಿಲ್ಲುವ ನೀರಿಗೆ ದಾರಿ ಮಾಡಿ. ಲೇಪ ಬೇಕೇಬೇಕೆನಿಸಿದರೆ ಪುರಾತತ್ತ್ವ ಇಲಾಖೆಯವರನ್ನು ಕೇಳಿ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲ ಹಚ್ಚಿಸಿ, ಒಂದು ಬೇಸಿಗೆ, ಒಂದು ಮಳೆಗಾಲ ಕಾದು ನೋಡಿ.